ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ‘ರಾಮಃ ರಾಮೌ’

ಬೆಳಿಗ್ಗೆ ಚಪ್ಪಲಿ ಮೆಟ್ಟಿ ಸಂತೆಗೆ ಹೊರಟಿದ್ದೆ. ಮಗಳು ಜಗಲಿಯಲ್ಲಿ ಕೂತು ಸಂಸ್ಕೃತ ಪರೀಕ್ಷೆಗೆ “ರಾಮಃ ರಾಮೌ ರಾಮಾಃ” ಎಂದು ವಿಭಕ್ತಿ ರೂಪಗಳನ್ನು ಉರು ಹೊಡೆಯುತ್ತಿದ್ದಳು. ನನಗೆ ಉಬ್ರಾಣಿಯ ನಮ್ಮ ಹೊಲದ ಬೋರ್‌ವೆಲ್ ನೆನಪಾಯಿತು.

ಆಗ ನಾನು ಚನ್ನಗಿರಿಯಲ್ಲಿ ಹೈಸ್ಕೂಲು ಓದುತ್ತಿದ್ದೆ. ಮಾರ್ಕ್ಸ್ ಜಾಸ್ತಿ ಬರುತ್ತದೆಂದು ಅಪ್ಪನೇ ಸಂಸ್ಕೃತ ಕೊಡಿಸಿದ್ದರು. ಉರು ಹೊಡೆದದ್ದರ ಅರ್ಥವನ್ನು ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೊಸ ಬೋರಿಗೆ ಮೊದಲ ಸಲ ಮೋಟರ್ ಹಾಕುವ ದಿನ ಪೂಜೆ ಮಾಡಬೇಕಿದ್ದ ಅಯ್ಯನವರು ಬರಲೇ ಇಲ್ಲ. ತ್ರೀ ಫೇಸ್ ಕರೆಂಟ್ ಹೋಗುವ ಹೊತ್ತಾಗಿತ್ತು. ಅಜ್ಜಿ ನನ್ನನ್ನು ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು.

“ಸಂಸ್ಕೃತ ಓದಾಕೆ ಹೋಗ್ತೀಯಲ್ಲ, ನೀನೇ ಮಂತ್ರ ಹೇಳು.”

“ನಂಗೆ ಬರೋದು ಪಾಠ ಅಜ್ಜಿ, ಮಂತ್ರ ಅಲ್ಲ.”

“ಯಾವುದೋ ಒಂದು ಹೇಳೇ. ದೇವ್ರಿಗೆ ಎಲ್ಲಾ ತಿಳಿತೈತೆ.”

ಎಲ್ಲರೂ ಚಪ್ಪಲಿ ಬಿಟ್ಟು ಕೈಮುಗಿದರು. ಬೇರೇನೂ ಬಾರದೆ ನಾನು ‘ರಾಮಃ ರಾಮೌ’ ಶುರು ಮಾಡಿದೆ. ಮೂರನೇ ವಿಭಕ್ತಿಗೆ ಬರುವಷ್ಟರಲ್ಲಿ ಅಪ್ಪ ಕಾಯಿ ಒಡೆದು ಹಸಿರು ಬಟನ್ ಒತ್ತಿದರು. ಪೈಪಿನಲ್ಲಿ ಮೊದಲು ಕೆಸರು, ಆಮೇಲೆ ನೀರು ನುಗ್ಗಿತು. ಅಜ್ಜಿ ನೀರಿಗೆ ಕೈಮುಗಿದು, ತಿರುಗಿ ನನಗೂ ಮುಗಿದಳು.

ಮರುದಿನ ಮೇಷ್ಟ್ರು ಅದನ್ನೇ ಒಪ್ಪಿಸು ಎಂದಾಗ ಬಾಯಿ ತೆರೆಯಲಾಗಲಿಲ್ಲ. ಅದು ಪಾಠವೋ ಮಂತ್ರವೋ ಎಂಬುದೇ ನನಗೆ ಗೊಂದಲವಾಗಿಹೋಗಿತ್ತು. ದಡ್ಡಿ ಎಂದು ಬೈಸಿಕೊಂಡೆ.

“ಅಮ್ಮಾ, ಸಂತೆಗೆ ಹೋಗಲ್ವಾ?” ಮಗಳು ಓದು ನಿಲ್ಲಿಸಿ ಕೇಳಿದಳು. “ಚಪ್ಪಲಿ ಯಾಕೆ ಬಿಟ್ಟೆ?”

ಕೆಳಗೆ ನೋಡಿದೆ. ಬರಿಗಾಲಲ್ಲಿ ನಿಂತಿದ್ದೆ.