ಅಕ್ಕ ಮಿಲ್ಲಿಗೆ, ನಾನು ಬೀಡಿಗೆ

ಕಾರ್ಕಳದಿಂದ ನಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರ್ ಈಗಲೂ "ಮಿಲ್, ಮಿಲ್" ಎಂದೇ ಕೂಗುತ್ತಾನೆ. ಹತ್ತಿಯ ನೂಲು ತೆಗೆಯುತ್ತಿದ್ದ ಆ ಮಿಲ್ಲು ಮುಚ್ಚಿ ಎಷ್ಟೋ ವರ್ಷಗಳಾದವು. ಶೆಡ್ಡಿನಲ್ಲಿ ಈಗ ಯಾರೋ ಗೇರುಬೀಜದ ಮೂಟೆ ಇಟ್ಟಿದ್ದಾರೆ. ಕಳೆದ ವರ್ಷ ಮಣಿಪಾಲದ ಒಬ್ಬ ವಿದ್ಯಾರ್ಥಿನಿ ಆ ಮಿಲ್ಲಿನ ಚರಿತ್ರೆ ಬರೆಯುತ್ತೇನೆಂದು ಬಂದಳು. ಬಂದವಳು ಕೇಳಿದ್ದು ನನ್ನ ಅಕ್ಕನನ್ನು. ದಾರಿಯಲ್ಲಿ ನನ್ನ ಮನೆ ಮೊದಲು ಸಿಗುವುದರಿಂದ, ಅಕ್ಕನ ಮನೆ ತೋರಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ನನಗೆ ಹೊಟ್ಟೆಕಿಚ್ಚಾಯಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಅದು ನನ್ನ ಜೊತೆಯಲ್ಲೇ ಮುದಿಯಾದದ್ದು.

ಮಿಲ್ಲು ಬರುವ ಮೊದಲು ಅಲ್ಲಿದ್ದದ್ದು ಮುಳಿಹುಲ್ಲು ಬೆಳೆಯುವ ಬರೀ ಪಾದೆಕಲ್ಲಿನ ಬಯಲು, ನಾವು ದನ ಮೇಯಿಸುತ್ತಿದ್ದ ಜಾಗ. ಮಿಲ್ಲಿನ ಹಿಂದೆಯೇ ಬಸ್ಸು ಬಂತು, ಎರಡು ಹೋಟೆಲು ಬಂದವು, ಒಬ್ಬ ಟೈಲರ್ ಬಂದ. ಗಡಿಯಾರವಿಲ್ಲದ ಮನೆಗಳಲ್ಲಿ ಸೈರನ್ ಕೇಳಿ ಗಂಜಿಗೆ ಅಕ್ಕಿ ಹಾಕುವುದು ರೂಢಿಯಾಯಿತು. ಹುಡುಗಿಯರನ್ನು ಕೆಲಸಕ್ಕೆ ಕರೆದಾಗ ನಾವಿಬ್ಬರೂ ಹೋದೆವು. ತುಂಡಾದ ನೂಲನ್ನು ಜೋಡಿಸಿ ತೋರಿಸಬೇಕಿತ್ತು. ಬೀಡಿ ಕಟ್ಟಿ ಪಳಗಿದ್ದ ನನ್ನ ಬೆರಳುಗಳು ಅಕ್ಕನಿಗಿಂತ ಮೊದಲೇ ಮುಗಿಸಿದವು. ಮೇಸ್ತ್ರಿ ಮೆಚ್ಚಿ ತಲೆಯಾಡಿಸಿದ. ಆದರೆ ಒಂದು ಮನೆಗೆ ಒಂದೇ ಕೆಲಸ ಎಂದರು. ಅಮ್ಮ ಎರಡು ಸಲ ಯೋಚಿಸಲಿಲ್ಲ.

"ದೊಡ್ಡವಳು ಹೋಗಲಿ. ನೀನು ಮನೆಯಲ್ಲಿ ಬೀಡಿ ಕಟ್ಟು."

ಅಕ್ಕನಿಗೆ ಫೋಟೋ ಇದ್ದ ಕಾರ್ಡು ಸಿಕ್ಕಿತು, ಗೆಳತಿಯರು ಸಿಕ್ಕಿದರು. ಸಂಜೆ ಅವಳು ತಲೆ ತುಂಬ ಹತ್ತಿಯ ಎಳೆ ಅಂಟಿಸಿಕೊಂಡು ಬಂದರೆ ಅಮ್ಮ ಅವಳನ್ನು ಜಗಲಿಯಲ್ಲಿ ಕೂರಿಸಿ ಒಂದೊಂದಾಗಿ ಹೆಕ್ಕುತ್ತಿದ್ದಳು. ನಾನು ಬೀಡಿ ಎಲೆಯ ಮೊರ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದೆ. ನನ್ನ ಉಗುರಿಗೆ ಹತ್ತಿದ ಹೊಗೆಸೊಪ್ಪಿನ ಕರೆಯನ್ನು ಯಾರೂ ಕೂತು ತೆಗೆಯಲಿಲ್ಲ. ಆ ಹತ್ತಿಯ ಮೇಲೂ ನನಗೆ ಅಸೂಯೆ.

ಅಕ್ಕ ಸೇರಿ ಮೂರು ವರ್ಷವಾದಾಗ ಮಿಲ್ಲು ದೊಡ್ಡದಾಯಿತು. ಒಳಗಿದ್ದವರು ಹೆಸರು ಹೇಳಿದರೆ ಮನೆಯ ಇನ್ನೊಬ್ಬರನ್ನೂ ತೆಗೆದುಕೊಳ್ಳುತ್ತಾರೆಂದು ಸುದ್ದಿಯಾಯಿತು. ನನ್ನ ಸೊಕ್ಕನ್ನು ನುಂಗಿಕೊಂಡು ಒಂದು ಭಾನುವಾರ ಬಾವಿಕಟ್ಟೆಗೆ ಹೋದೆ. ಅಕ್ಕ ನೀರು ಸೇದುತ್ತಿದ್ದಳು. ಅವಳ ಎಡಪಕ್ಕದಲ್ಲಿ ನಿಂತು, "ಅಕ್ಕ, ನನ್ನ ಹೆಸರು ಹೇಳ್ತೀಯಾ?" ಎಂದು ಮೆಲ್ಲನೆ ಕೇಳಿದೆ. ಅವಳು ಕೊಡ ತುಂಬಿಸಿ, ಸೊಂಟಕ್ಕೇರಿಸಿಕೊಂಡು ಹೊರಟೇಹೋದಳು. ತಿರುಗಿಯೂ ನೋಡಲಿಲ್ಲ. ನೆರೆಮನೆಯ ಇಬ್ಬರು ಹುಡುಗಿಯರಿಗೆ ಕೆಲಸ ಸಿಕ್ಕಿತು. ನಾನು ಮತ್ತೆ ಕೇಳಲಿಲ್ಲ. ಅವಳ ಮದುವೆಯ ದಿನವೂ ಮನಸ್ಸು ಬಿಚ್ಚಿ ನಗಲಿಲ್ಲ.

ಕಳೆದ ವರ್ಷ ಬಂದ ಆ ವಿದ್ಯಾರ್ಥಿನಿ ಅಕ್ಕನ ಮನೆಯಲ್ಲಿ ಅವಳ ಎದುರು ಮೊಬೈಲ್ ಇಟ್ಟು ಪ್ರಶ್ನೆ ಕೇಳತೊಡಗಿದಳು. ನಾನು ಚಹಾ ಮಾಡುವ ನೆಪದಲ್ಲಿ ಒಳಗೂ ಹೊರಗೂ ಓಡಾಡುತ್ತ ಇದ್ದೆ. ಒಂದು ಪ್ರಶ್ನೆಗೆ ಅಕ್ಕ ಉತ್ತರಿಸಲಿಲ್ಲ. ಹುಡುಗಿ ಮತ್ತೆ ಕೇಳಿದಳು.

"ಈಚೆ ಬಂದು ಕೂತ್ಕೊ ಮಗಾ," ಎಂದಳು ಅಕ್ಕ. "ಎಡಗಿವಿ ಕೇಳುವುದಿಲ್ಲ. ಮೆಷಿನ್ ಸದ್ದಿಗೆ ಹೋದದ್ದು."

"ಯಾವಾಗಿನಿಂದ ಅಮ್ಮ?"

"ಸೇರಿ ಎರಡು ವರ್ಷದೊಳಗೆ. ಹೇಳಿದರೆ ಕೆಲಸದಿಂದ ತೆಗೀತಾರೆ ಅಂತ ಮನೆಯಲ್ಲೂ ಹೇಳಲಿಲ್ಲ."

ಅವಳಿಗೆ ಕಿವಿ ಮಂದವೆಂದು ನನಗೆ ಗೊತ್ತಿತ್ತು. ವಯಸ್ಸಾದದ್ದಕ್ಕೆ ಎಂದುಕೊಂಡಿದ್ದೆ.

ಹುಡುಗಿ ಮಿಲ್ಲಿನ ಗೇಟಿನ ಫೋಟೋ ತೆಗೆಯಲು ಹೋದಾಗ ಅಕ್ಕನ ಎದುರು ಕುಳಿತೆ. "ಬಾವಿಕಟ್ಟೆಯಲ್ಲಿ ನಿನ್ನತ್ರ ಒಂದು ಕೇಳಿದ್ದೆ, ನೆನಪುಂಟಾ?"

"ಎಂತ ಕೇಳಿದ್ದು?"

ಹೇಳಿದೆ. ಅಕ್ಕ ನನ್ನನ್ನೇ ನೋಡಿದಳು. "ನನಗೆ ಕೇಳಿಸಲೇ ಇಲ್ಲ ಮಾರಾಯ್ತಿ." ಚಹಾದ ಲೋಟ ಕೆಳಗಿಟ್ಟು, "ಕೇಳಿದ್ದರೂ ನಿನ್ನ ಹೆಸರು ಹೇಳ್ತಿದ್ದೆನಾ ಗೊತ್ತಿಲ್ಲ. ನಿನ್ನ ಕೈ ಚುರುಕು. ಎರಡೇ ತಿಂಗಳಲ್ಲಿ ನೀನು ನನ್ನನ್ನು ಹಿಂದೆ ಹಾಕ್ತಿದ್ದೆ. ಆ ಹೆದರಿಕೆ ನನಗೆ ಮೊದಲ ದಿನದಿಂದಲೂ ಇತ್ತು," ಎಂದಳು.

ನನಗೆ ದುಃಖವಾಗಬೇಕಿತ್ತು. ಮೊದಲು ಆದದ್ದು ಸಂತೋಷ. ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚು ಇತ್ತಲ್ಲ! ಇಷ್ಟು ಕಾಲ ನಾನೊಬ್ಬಳೇ ಉರಿದೆನೆಂದುಕೊಂಡಿದ್ದೆ. ದುಃಖ ಬಂದದ್ದು ಮನೆಗೆ ಹೋಗುವಾಗ, ಅವಳು ಕಿವಿಯ ವಿಷಯ ಯಾರಿಗೂ ಹೇಳದೆ ಆ ಸದ್ದಿನೊಳಗೆ ದಿನವೂ ಹೋಗಿ ನಿಂತದ್ದನ್ನು ನೆನೆದಾಗ.

ಕೆಲವು ತಿಂಗಳ ಮೇಲೆ ಆ ವಿದ್ಯಾರ್ಥಿನಿಯ ಕಾಲೇಜಿನಲ್ಲಿ ಮಿಲ್ಲಿನ ಬಗ್ಗೆ ಪ್ರದರ್ಶನ ಇಟ್ಟರು. ಅಕ್ಕನನ್ನು ಕರೆದುಕೊಂಡು ಹೋಗಲು ಕಾರು ಕಳಿಸಿದರು. "ನೀನು ಬಾರದೆ ನಾನೂ ಹೋಗುವುದಿಲ್ಲ," ಎಂದು ಅವಳು ಹಟ ಹಿಡಿದಳು. ಅಲ್ಲಿ ಗೋಡೆಯ ಮೇಲೆ ಅಕ್ಕನ ದೊಡ್ಡ ಫೋಟೋ. ಮಕ್ಕಳೆಲ್ಲ ಅವಳ ಜೊತೆ ಸೆಲ್ಫಿ ತೆಗೆದುಕೊಂಡರು, ನಾನು ಅವಳ ಕೈಚೀಲ ಹಿಡಿದು ನಿಂತಿದ್ದೆ. ಒಬ್ಬಳು ಹುಡುಗಿ ನನ್ನತ್ತ ತಿರುಗಿ, "ಆಂಟಿ, ನೀವೂ ಮಿಲ್ಲಿನಲ್ಲಿ ಕೆಲಸ ಮಾಡಿದ್ದೀರಾ?" ಎಂದು ಕೇಳಿದಳು.

"ಹೌದು," ಎಂದುಬಿಟ್ಟೆ.

"ಯಾವ ವಿಭಾಗ?"

ನಾನು ಅಕ್ಕನ ಕಡೆ ತಿರುಗಿದೆ. ಅಕ್ಕ ನನ್ನ ಭುಜ ಹಿಡಿದು, "ಸ್ಪಿನ್ನಿಂಗು. ನನ್ನ ಪಕ್ಕದ ಮೆಷಿನ್. ನನಗಿಂತ ಚುರುಕು ಇವಳು," ಎಂದಳು.

ಹುಡುಗಿ ನಮ್ಮಿಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದಳು. ನಾನು ನಕ್ಕೆ. ಆದರೆ ಆ ಕೆಲಸವನ್ನು ಸುಳ್ಳಿನಲ್ಲಾದರೂ ನನಗೆ ಕೊಡಿಸಲು ಅವಳೇ ಬೇಕಾಯಿತಲ್ಲ ಎಂದು ಹೊಟ್ಟೆಯೊಳಗೆ ಆಗಲೂ ಸಣ್ಣಗೆ ಉರಿಯಿತು.