ಬಳಚಿನವಳು ಮಾಡು ಹತ್ತಿದ್ದು

ಆಗ ಅವಳಿಗೆ ನಲವತ್ತೊಂದು ವರ್ಷ. ಇದು ನಾಲ್ಕು ವರ್ಷದ ಹಿಂದಿನ ಮಾತು. ಅವಳು ನಮ್ಮ ನೆರೆಮನೆಯವಳು. ಅಘನಾಶಿನಿ ಹೊಳೆಯ ಕೆಸರಿನಲ್ಲಿ ಕಾಲಿನಿಂದಲೇ ತಡವಿ ಬಳಚು ಚಿಪ್ಪು ಹೆಕ್ಕುವವಳು. ಯಾರು ಏನನ್ನು ಬೇಡವೆಂದರೂ "ಬೇಡ ಹೇಳೂಕೆ ನೀ ಯಾರು?" ಎನ್ನುವವಳು.

ಮನೆಯ ಹಂಚಿನ ಮಾಡಿನ ಮೇಲೆ ಸೋಲಾರ್ ಕೂರಿಸುವುದನ್ನೂ ಬಟ್ಟೆ ಚೀಲ ಹೊಲಿಯುವುದನ್ನೂ ಬಡವರಿಗೆ ಕುಮಟೆಯಲ್ಲಿ ಪುಕ್ಕಟೆ ಕಲಿಸುತ್ತಿದ್ದರು; ಹೆಸರು ಬರೆದುಕೊಳ್ಳಲು ಅಲ್ಲಿಂದ ಒಬ್ಬ ಮಾಸ್ತರ ಬಂದ. ಬಂದವನು ಹೆಂಗಸರ ಹೆಸರನ್ನೆಲ್ಲ ಅವರನ್ನು ಕೇಳದೆಯೇ ಬಟ್ಟೆ ಚೀಲ ಹೊಲಿಯುವ ಪಟ್ಟಿಗೆ ಬರೆದ.

"ನನ್ನ ಹೆಸರು ಸೋಲಾರಿಗೆ ಬರೀರಿ, ಮಾಸ್ತರೇ," ಎಂದಳು ಅವಳು.

"ಅಕ್ಕಾ, ಮಾಡು ಹತ್ತೂಕೆ ನಿಮ್ಮಿಂದ ಆತದಾ? ಬೇಡ."

"ಬೇಡ ಹೇಳೂಕೆ ನೀವು ಯಾರು? ಮೊದ್ಲು ನೀವು ಹತ್ತಿ, ನೋಡ್ವ."

ಅವನು ನಮ್ಮ ಮನೆಯ ಮಾಡು ಹತ್ತಿ, ಮೂರನೇ ಹೆಜ್ಜೆಗೇ ನನ್ನ ಎರಡು ಹಂಚು ಒಡೆದ. ನಾನು ಬೈದೆ. ಅವಳು ಸೀರೆಯನ್ನು ಕಚ್ಚೆ ಕಟ್ಟಿ, ಹಂಚಿನಡಿಯ ಮರದ ಪಕಾಸಿ ಎಲ್ಲಿದೆಯೆಂದು ಬರಿಗಾಲಲ್ಲಿ ತಡವುತ್ತ ತುದಿಯವರೆಗೂ ಹೋಗಿ ನಿಂತಳು. ಒಂದು ಹಂಚೂ ಒಡೆಯಲಿಲ್ಲ.

"ಹೆಸರು ಬರೀತೆ. ಆದ್ರೆ ಸೀರೆ ನಡೆಯೂದಿಲ್ಲ, ಪ್ಯಾಂಟು ಬೇಕು," ಎಂದ ಮಾಸ್ತರ. ಅಲ್ಲಿದ್ದ ಗಂಡಸರು ನಕ್ಕರು.

ಮರುದಿನ ಬೆಳಿಗ್ಗೆ ಅವಳು ಗಂಡನ ಪ್ಯಾಂಟು ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು, ಅದೇ ಗಂಡಸರ ಎದುರಿನಲ್ಲೇ ನಡೆದುಹೋಗಿ ಕುಮಟೆಯ ಬಸ್ಸು ಹತ್ತಿದಳು.