ತೊಳೆದುಹೋದ ಸೂಜಿಗಳು

ಎರಡು ಸಾವಿರದ ಇಸವಿಯ ಆಸುಪಾಸಿನ ವರ್ಷಗಳಲ್ಲಿ ನಾನು ಚಳ್ಳಕೆರೆಯ ಒಂದು ಸಣ್ಣ ಲ್ಯಾಬಿನಲ್ಲಿ ಊರವರ ರಕ್ತ, ಉಚ್ಚೆ, ಕಫ ನೋಡಿಕೊಂಡಿದ್ದೆ. ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಬಗ್ಗಿ ಕತ್ತು ಸೆಟೆದುಹೋಗಿತ್ತು. ಮನೆಯಲ್ಲಿ ಯಾರಾದರೂ ಮೈ ಬಿಸಿ ಅಂದರೂ ಸಿಡುಕುತ್ತಿದ್ದೆ. ಕಾಯಿಲೆ ಎಂಬ ಮಾತೇ ಸಾಕುಸಾಕಾಗಿತ್ತು.

ನನ್ನಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟಿತ್ತು. ಭಾವ ರೇಷ್ಮೆ ಸೀರೆ ನೇಯುವವರು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೇ ಏಳುವುದು. ಅವರ ಬಲಗಾಲಿನ ಹೆಬ್ಬೆರಳು ಇದ್ದಕ್ಕಿದ್ದಂತೆ ಊದಿ ಕೆಂಪಗಾಗಿ, ಕಾದ ಹಂಚಿನಂತೆ ಸುಡುತ್ತಿತ್ತು. ಪಂಚೆಯ ಅಂಚು ತಾಗಿದರೂ ಅರಚುತ್ತಿದ್ದರು. ವಾರ ಕಳೆದರೆ ತಾನೇ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಆ ಬೆರಳಿನ ಒತ್ತು ಇಲ್ಲದಿದ್ದರೆ ಮಗ್ಗದ ಕಾಲುಹಲಗೆ ಸರಿಯಾಗಿ ಇಳಿಯುವುದಿಲ್ಲ. ನೇಕಾರನಿಗೆ ಕಾಲೂ ಕೈಯೇ.

ಒಂದು ಸಲ ಬೆರಳು ಒಡೆದು ಬೆಳ್ಳಗೆ, ಸುಣ್ಣದಂಥದ್ದು ಬಂತು. ಅಕ್ಕ ಅವರನ್ನು ಬಸ್ಸಿನಲ್ಲಿ ನನ್ನ ಹತ್ತಿರ ಕರೆತಂದಳು. ರಕ್ತದಲ್ಲಿ ಯೂರಿಕ್ ಆಸಿಡ್ ಎಷ್ಟಿದೆ ಎಂದು ನೋಡಿದೆ. ನೋವು ಜೋರಾಗಿದ್ದಾಗ ಅದು ಸರಿಯಿರುವಂತೆ ತೋರಬಹುದೆಂದು ಆಗ ನನಗೆ ಗೊತ್ತಿರಲಿಲ್ಲ. ಅಂಕಿ ಸರಿಯಾಗಿತ್ತು, ಸುಮ್ಮನಾದೆ. ಆ ಬಿಳಿ ಕೀವನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ನಲ್ಲಿ ಕೆಳಗೆ ಚೆನ್ನಾಗಿ ತೊಳೆದೆ. ತೊಳೆಯುವುದರಲ್ಲಿ ನನ್ನಷ್ಟು ಶಿಸ್ತಿನವನಿಲ್ಲ ಎಂಬ ಜಂಬ ಬೇರೆ. ಬಿಳಿ ರಕ್ತಕಣಗಳು ರಾಶಿ ರಾಶಿ ಇದ್ದವು, ರೋಗಾಣು ಒಂದೂ ಇಲ್ಲ. ಮೂರು ಸಲ ಹಾಗೇ ಮಾಡಿದೆ. ಮೂರು ಸಲವೂ ಅದನ್ನೇ ಬರೆದುಕೊಟ್ಟೆ.

ದೊಡ್ಡ ಊರಿನ ಸರ್ಜನ್ ಎಕ್ಸ್‌ರೇ ನೋಡಿ, ಕೀವು ಮೂಳೆ ತಿಂದಿದೆ, ಬೆರಳು ತೆಗೆಯದಿದ್ದರೆ ಪಾದವೇ ಹೋಗುತ್ತದೆ ಎಂದರು. ಭಾವನಿಗೆ ಜ್ವರ, ಮಾತು ತೊದಲುತ್ತಿತ್ತು. ಒಪ್ಪಿಗೆಯ ಕಾಗದ ಅಕ್ಕನ ಮುಂದೆ ಬಂತು.

"ಏನ್ ಮಾಡ್ಲೋ?" ಅಂದಳು.

"ಡಾಕ್ಟ್ರು ಹೇಳಿದಂಗೆ ಮಾಡಕ್ಕ," ಅಂದೆ. ನನಗೆ ಅಂದು ಬಸ್ಸು ಹಿಡಿಯುವ ಅವಸರವಿತ್ತು. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ. ಅಕ್ಕ ಸೈನ್ ಹಾಕಿದಳು, ಬೆರಳು ಹೋಯಿತು.

ವರ್ಷ ತುಂಬುವುದರೊಳಗೆ ಎಡಗಾಲಿನ ಹೆಬ್ಬೆರಳೂ ಊದಿತು. ಅದೇ ಬಿಳಿ. ಅದನ್ನು ನೋಡಬೇಕಾದ ದಿನ ಲ್ಯಾಬಿನ ಟ್ಯಾಂಕಿನಲ್ಲಿ ತೊಟ್ಟು ನೀರಿಲ್ಲ. ನಮ್ಮೂರಲ್ಲಿ ನಲ್ಲಿ ಯಾವತ್ತು ಬರುತ್ತದೆಂದು ದೇವರೇ ಬಲ್ಲ. ತೊಳೆಯಲು ನೀರಿಲ್ಲವಲ್ಲ ಎಂದು ಬೈದುಕೊಂಡು, ಕೀವಿನ ಹನಿಯನ್ನು ಹಸಿಯಾಗಿಯೇ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಸೂಜಿಗಳು! ಸಣ್ಣ, ಚೂಪಾದ ಸೂಜಿಗಳು. ಕೆಲವು ಬಿಳಿ ಕಣಗಳ ಹೊಟ್ಟೆಯನ್ನೇ ತೂರಿಕೊಂಡು ಆಚೆ ಬಂದಿದ್ದವು.

ಲ್ಯಾಬಿಗೆ ವಾರಕ್ಕೊಮ್ಮೆ ಬರುತ್ತಿದ್ದ ವಯಸ್ಸಾದ ಡಾಕ್ಟರಿಗೆ ತೋರಿಸಿ, ಹೋದ ವರ್ಷದ ಬೆರಳಿನ ಕತೆಯನ್ನೂ ಹೇಳಿದೆ. "ಇದು ಕೀವಲ್ಲ ಕಣಯ್ಯ, ಗೌಟು," ಎಂದರು. ಯೂರಿಕ್ ಆಸಿಡ್ ಕೀಲಿನಲ್ಲಿ ಉಪ್ಪಿನಂತೆ ಹರಳುಗಟ್ಟುತ್ತದಂತೆ. ಬಿಳಿ ಕಣಗಳು ಯಾರೋ ವೈರಿ ಬಂದನೆಂದು ಓಡಿ ಬಂದು ಸೂಜಿಯನ್ನು ನುಂಗುತ್ತವೆ. ಅರಗದೆ ಒಡೆಯುತ್ತವೆ. ಒಡೆಯುವಾಗ ಹೊರಬಿದ್ದದ್ದು ಇನ್ನಷ್ಟು ಕಣಗಳನ್ನು ಕರೆಯುತ್ತದೆ. ಆ ಊತ, ಬಿಸಿ, ನೋವು, ಜ್ವರ ಕೂಡ ಅವುಗಳದ್ದೇ ಗಲಾಟೆ. ಹೊರಗಿನಿಂದ ಯಾರೂ ಬಂದೇ ಇರುವುದಿಲ್ಲ. "ಮೂಳೆ ಸವೆಯೋದೂ ಇದರಿಂದಲೇ. ಮಾತ್ರೆಗೆ ಬಗ್ಗುತ್ತೆ," ಎಂದು ಹೇಳಿ, ನನ್ನ ಕಡೆ ತಿರುಗಿ ಕೇಳಿದರು: "ಹೋದ ವರ್ಷ ತೊಳೆದಿದ್ದೆಯಾ? ಈ ಹರಳು ನೀರಿಗೆ ಕರಗಿಹೋಗುತ್ತೆ."

"ಮೂರು ಸಲ," ಅಂದೆ.

ಮರುದಿನ ಮಾತ್ರೆ ತೆಗೆದುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ದಾರಿಯ ತಳಕು ಊರಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸಿತು. ಭಾವ ಮಗ್ಗದ ಪಕ್ಕ ಕಾಲು ಚಾಚಿ ಕೂತಿದ್ದರು. ಎಲ್ಲವನ್ನೂ ಹೇಳಿದೆ, ತೊಳೆದದ್ದನ್ನೂ.

ಅವರು ಬೆರಳಿಲ್ಲದ ಬಲಪಾದವನ್ನು ನೋಡಿದರು. "ಹಂಗಾರೆ ಅದ್ರಾಗೆ ಹುಳ ಇರ್ಲೇ ಇಲ್ಲ?"

"ಇಲ್ಲ ಭಾವ. ಬೆರಳು ಉಳೀತಿತ್ತು."

ಬೈಯಲಿ ಎಂದು ಕಾದೆ. ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಲೇ, ನಿಮ್ಮಕ್ಕಂಗೆ ಹೇಳ್ಬ್ಯಾಡ. ಸೈನ್ ಹಾಕಿದ್ದು ಅವಳು. ಗಂಡನ ಜೀವ ಉಳಿಸ್ಕಂಡೆ ಅಂತ ಅಂದ್ಕಂಡೌಳೆ."

ಅಕ್ಕ ಕಾಫಿ ತಂದಳು. "ಏನಂತೋ ಕಾಲಿಗೆ?"

"ಮಾತ್ರೇಲೇ ಹೋಗುತ್ತಂತೆ."

ಅವಳ ಕೈಯಲ್ಲಿ ಲೋಟ ನಿಂತಿತು. "ಮತ್ತೆ ಆ ಬೆರಳಿಗೂ ಮಾತ್ರೇನೇ ಸಾಕಿತ್ತಾ?"

ಭಾವ ನನ್ನ ಮುಖ ನೋಡಿದರು.

"ಅದು ಬೇರೆ ಕಾಯಿಲೆ ಅಕ್ಕ," ಅಂದೆ. ಲ್ಯಾಬಿನವನ ಮಾತಲ್ಲವೇ, ಅವಳು ನಂಬಿದಳು.